ಹುದುಗು

ರಾತ್ರಿ ಎರಡೂಕಾಲಿಗೆ ಹದಿನಾಲ್ಕನೆಯ ಗೂಡು ಕೂಗಿತು.
ಯಂತ್ರದೊಳಗೆ, ಮೈಬಿಸಿಯ ಕತ್ತಲಲ್ಲಿ,
ಶಾಣು ದುರ್ಗೇಕರನ ನೆತ್ತರು
ಬಾಟಲಿಯಲ್ಲಿ ತೊನೆಯುತ್ತ ಎರಡು ದಿನ ಕೂತಿತ್ತು.
ಈಗ ಅದಕ್ಕೆ ಏನೋ ಹೇಳಬೇಕಿತ್ತು.

ಗಾಜಿನ ಮೇಲೆ ಒಂದು ಹನಿ. ನೇರಳೆ. ಎಣ್ಣೆ.
ಕಣ್ಣಿಟ್ಟರೆ
ಮೊಟ್ಟೆಯಂಥ ಕಾಳುಗಳು,
ಒಂದೊಂದರ ಹೆಗಲಿಗೂ ಒಂದೊಂದು ಮರಿ.
ಬ್ಯಾಕ್ಟೀರಿಯಾ ಅಲ್ಲ. ಇವರನ್ನು ನಾನು ಬಲ್ಲೆ,
ತವರಿನ ಕಡೆಯವರು.

ಕೋಡಿಬಾಗದ ಬೇಕರಿಯಲ್ಲಿ ಅಪ್ಪ ಇನಾಸ
ಹಿಟ್ಟಿಗೆ ತೆಂಗಿನ ಕಳ್ಳು ಹೊಯ್ದು
ಒದ್ದೆ ಗೋಣಿ ಹೊದಿಸಿ
"ಗದ್ದಲ ಬೇಡ, ಏಳ್ತಾ ಇದೆ" ಅನ್ನುತ್ತಿದ್ದ.
ನಾವು ಗೋಣಿಯಡಿ ಕೈ ತೂರಿಸಿ
ಆ ಬೆಚ್ಚಗನ್ನು ಮುಟ್ಟಿ ಓಡುತ್ತಿದ್ದೆವು.
ಹುದುಗು ಅಂದರೆ ಉಬ್ಬಿಸುವುದು,
ಹುದುಗು ಅಂದರೆ ಅಡಗಿ ಕೂರುವುದೂ ಹೌದು
ಎಂದು ಕನ್ನಡ ಮೇಷ್ಟ್ರು ಹೇಳಿದ ದಿನ
ಒಂದೇ ಮನೆಗೆ ಇಬ್ಬರು ಬಾಡಿಗೆಯವರೇ ಎಂದು ನಕ್ಕಿದ್ದೆ.

ಶಾಣು ಬೈತಖೋಲದವನು. ಟ್ರಾಲರಿನ ಹೊಟ್ಟೆಗೆ ಐಸ್ ಸುರಿಯುವ ಕೆಲಸ.
ಒದ್ದೆ ಚಡ್ಡಿ, ಉಪ್ಪುನೀರು, ತೊಡೆಸಂದಿನಲ್ಲಿ ಗಜಕರ್ಣ.
ಮೆಡಿಕಲ್ ಅಂಗಡಿಯ ಹುಡುಗ ಚೀಟಿ ಕೇಳಲಿಲ್ಲ.
ಸೋಮವಾರಕ್ಕೊಂದು ಗುಳಿಗೆ,
ತುರಿಕೆ ನಿಂತರೆ ಬಂದ್, ಮರಳಿದರೆ ಮತ್ತೆರಡು,
ಆರು ಮಳೆಗಾಲ ಹೀಗೆ.
ಅಷ್ಟು ದಿನವೂ ಕರುಳಿನ ಮೂಲೆಯಲ್ಲಿ
ಯಾರ ತಂಟೆಗೂ ಹೋಗದೆ ಇದ್ದವು
ಸೋಮವಾರ ಸೋಮವಾರ ಸ್ವಲ್ಪ ಸ್ವಲ್ಪ ಕಲಿತವು:
ಬಾಗಿಲು ತಟ್ಟಿದವನನ್ನು ಒಳಗೆ ಕರೆದು
ಹಿತ್ತಿಲಿಂದ ಆಚೆ ದಬ್ಬುವುದು ಹೇಗೆ.

ನಡುಗಡಲಲ್ಲಿ ಕರುಳು ಒಡೆಯಿತು.
ದಡ ಮುಟ್ಟಲು ಹದಿನಾಲ್ಕು ತಾಸು.
ಕೊಯ್ದರು, ಹೊಲಿದರು, ಕುತ್ತಿಗೆಗೆ ನಳಿಕೆ ಇಳಿಸಿದರು.
ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್
ಬಂದು ಕೇರಿ ಖಾಲಿ ಮಾಡಿಸಿದವು.
ಖಾಲಿ ಕೇರಿಯಲ್ಲಿ ಇವು ಒಲೆ ಹೂಡಿದವು.

ತಟ್ಟೆಯ ಮುಚ್ಚಳ ತೆಗೆದರೆ
ದೇವರೇ, ಅದೇ ವಾಸನೆ.
ಬೆಳಗಿನ ಐದರ ಬೇಕರಿ.
ಮಾಸ್ಕಿನೊಳಗೆ ಬಾಯಲ್ಲಿ ನೀರೂರಿತು.
ನಾಚಿಕೆಯಾಯಿತು.

ಔಷಧದ ಬಿಲ್ಲೆಯ ಸುತ್ತ ಬಯಲಿರಬೇಕು,
ಚಂದ್ರ ಗುಡಿ ಕಟ್ಟಿದ ಹಾಗೆ.
ಇಲ್ಲ. ಬಿಲ್ಲೆಯ ಅಂಚಿಗೇ ಒತ್ತಿ ಕೂತಿದ್ದವು,
ಸಂಜೆ ಕಟ್ಟೆಗೆ ಹರಟೆಗೆ ಬಂದವರ ಹಾಗೆ.
ಸ್ಕೇಲಿಟ್ಟೆ, ಅಭ್ಯಾಸಬಲ.
ಸೊನ್ನೆಯನ್ನು ಅಳೆದು ಬರೆದುಕೊಂಡೆ.

ಡಾಕ್ಟರ್ ಮುಬೀನಾ ಫೋನಿನಲ್ಲಿ ಸುಮ್ಮನಾದರು.
"ಮೂರು ದಿನದಿಂದ ಫ್ಲುಕೊನಜೋಲೇ ಕೊಡ್ತಾ ಇದ್ದೇವಲ್ಲ."
ಇನ್ನೊಂದು ಔಷಧವಿದೆ. ಕಾರವಾರದಲ್ಲಿ ಸಿಗಲಿಲ್ಲ.
ಮಡಗಾಂವದಿಂದ ರೈಲಿನಲ್ಲಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬರಬೇಕು.
ಸುಗಂಧಾ ಬಳೆ ಬಿಚ್ಚಿದಳು;
ಎಷ್ಟು ದಿನಕ್ಕೆ ಎಂದು ಕೇಳಿ
ಇನ್ನೊಂದು ಕೈ ನೋಡಿಕೊಂಡಳು.
ಶಿರವಾಡ ಸ್ಟೇಷನ್ನಿಗೆ ಹೋದ ಅವಳ ತಮ್ಮ
"ಇದಕ್ಕೂ ಐಸ್ ಬೇಕಾ?" ಅಂದನಂತೆ.
ಬಂಗಡೆ ಬುಟ್ಟಿಯ ಹಾಗೆ ಹೆಗಲಿಗೇರಿಸಿ ತಂದ.

ಮತ್ತೊಂದು ಬಾಟಲಿ ಅದೇ ಹದಿನಾಲ್ಕರಲ್ಲಿದೆ.
ಐದು ದಿನ ಕೂಗದಿದ್ದರೆ ಒಳ್ಳೆಯ ಸುದ್ದಿ.
ಇವತ್ತಿಗೆ ನಾಲ್ಕು.
ಮನೆಯಲ್ಲಿ ಅಮ್ಮ ಫೆಸ್ತಿಗೆ ಸನ್ನಾ ಹಿಟ್ಟು ಕಲಸಲು ಕರೆಯುತ್ತಾಳೆ.
ಕೈ ತೊಳೆದಿದ್ದೇನೆ ಅಮ್ಮ, ಮೂರು ಸಲ,
ಆದರೂ ಮುಟ್ಟಲಾರೆ.
ಅದು ಬೇರೆ ಇದು ಬೇರೆ, ನನಗೆ ನಾನೇ ಪಾಠ ಹೇಳುತ್ತೇನೆ.
ಬೇರೆಯೇ. ದಾಯಾದಿಗಳು.

ರಾತ್ರಿ ಮೂರು. ಹದಿನಾಲ್ಕು ತೆಪ್ಪಗಿದೆ.
ಕೂಗಿದ್ದು ಒಂಬತ್ತು.
ಚೀಟಿ ತಿರುಗಿಸುತ್ತೇನೆ: ಶಾಣುವಿನ ಪಕ್ಕದ ಹಾಸಿಗೆ.
ಅವಸರದಲ್ಲಿ ಯಾರೋ ಹೆಸರು ಬಿಟ್ಟು
"ಹೆಂಗಸು, ೩೧" ಎಂದಷ್ಟೇ ಬರೆದಿದ್ದಾರೆ.
ಗಾಜು. ಹನಿ. ನೇರಳೆ. ಎಣ್ಣೆ.
ಕಣ್ಣಿಡುವ ಮುಂಚೆ ಹೊರಗೆ ಬಂದು
ಕಾರಿಡಾರಿನ ಕಿಟಕಿ ತೆರೆದು ನಿಲ್ಲುತ್ತೇನೆ.
ಕೋಡಿಬಾಗದ ಕಡೆ
ಯಾರೋ ಆಗಲೇ ಒಲೆ ಹೊತ್ತಿಸಿದ್ದಾರೆ.