ಮೂರನೇ ಪ್ರೂಫು

ಆ ದಪ್ಪ ಪುಸ್ತಕಕ್ಕ ನಾವಿಟ್ಟ ಹೆಸರು ದೊಡ್ಡಾಟ.
ಕಿರೀಟ, ಭುಜಕೀರ್ತಿ, ಕತ್ತಿ, ಗದ್ದಲ,
ಕೊಂದಷ್ಟೂ ಬೆಳೆಯೋ ವೀರ,
ಇಪ್ಪತ್ತು ಮುಖದ ದಾಳ.
ಮುಳಗುಂದ ನಾಕಾದಾಗ ಟೈರ್ ಅಂಗಡಿ ಮ್ಯಾಲಿನ ಖೋಲಿಯೊಳಗ
ಆರು ವರ್ಷ ಅದನ್ನ ಆಡಿದ್ವಿ.
ನಾನು ಹನ್ನೊಂದನೇ ಮಟ್ಟದ ಮಾಂತ್ರಿಕ.
ವಿರುಪಾಕ್ಷ ಮೂರು ಸಲ ಸತ್ತು ಮೂರು ಸಲ ಎದ್ದವ.

ಒಂದು ರಾತ್ರಿ, ಗಿರಮಿಟ್ಟಿನ ಕಾಗದ ಮುದ್ದಿ ಮಾಡಿ,
‘ಸಾಕು’ ಅಂದ. ‘ನಮ್ಮದೊಂದು ಸಣ್ಣಾಟ ಬರಿಯೋಣು.’

ಮೂವತ್ತೆರಡು ಪುಟ. ಹುಣಸಿ ಬೀಜ ಸೀಳಿ ದಾಳ.
ಅಣ್ಣಿಗೇರಿ ದಾಟಿ ಕೆಟ್ಟು ನಿಂತ ಕಡೀ ಬಸ್ಸು,
ಅದರಾಗ ಕೂತವರ ಪೈಕಿ ಒಬ್ಬರು ನೀವು.
ಮೊದಲನೇ ಪುಟ ಬರಿವಾಗ ಕೈ ನಡಗಿತ್ತು,
ಸಿಟ್ಟಿಗೋ ಖುಷಿಗೋ:

ಇಲ್ಲಿ ಡ್ರ್ಯಾಗನ್ ಇಲ್ಲ.
ನೆಲಮಾಳಿಗೆ ಇಲ್ಲ. ಬಂಗಾರ ಇಲ್ಲ.
ಮಟ್ಟ ಇಲ್ಲ, ಏರುವ ಮಾತಿಲ್ಲ.
ಪರದೆಯ ಹಿಂದೆ ಕೂತು ಎಲ್ಲ ಬಲ್ಲವನಿಲ್ಲ...

ಬೆಟಗೇರಿ ಪ್ರೆಸ್ಸಿನ್ಯಾಗ ಫಾರ್ಮು ಮಡಚೋ ಮರ್ದಾನಬಿ
ಕೈ ನಿಲ್ಲಿಸಿ ಓದಿದ್ಲು.
‘ಹದಿನಾಲ್ಕು ಇಲ್ಲ ಅದಾವ ತಮ್ಮಾ, ಎಣಿಸೀನಿ.
ಸವತಿ ಹೆಸರು ಎತ್ತೂದಿಲ್ಲ ಅಂತ
ದಿನಾ ಮುಂಜಾನೆ ಎತ್ತಿದಂಗಾತು.
ಯಾರ ಮ್ಯಾಲ ಸಿಟ್ಟು? ನಾ ಅಂತೂ ಅವರನ್ನ ಕಂಡಿಲ್ಲ.’

ಹೌದಲಾ.
ಬಸ್ ಸ್ಟ್ಯಾಂಡಿನ್ಯಾಗ ಯಾವನೋ ಫೋನಿನ್ಯಾಗ ಜಗಳಾಡತಿರತಾನ,
ಪಕ್ಕದಾಗ ನಿಂತವರಿಗೆ ಒಂದೇ ಬದಿ ಕೇಳತೈತಿ.

ಮಧ್ಯಾಹ್ನ ಕರೆಂಟು ಹೋತು. ಬೀಜ ತೆಗೆದೆ.
ಕಟಿಂಗ್ ಮಷೀನಿನ ಕಟ್ಟಿ ಮ್ಯಾಲ ಮೂವರೂ ಕೂತ್ವಿ.
ಆಕಿ ಬಸ್ಸು ಇಳದ್ಲು. ಯಾವೂರಿಗೆ ಹೊಂಟಾಳ ಹೇಳಲಿಲ್ಲ.
ಹತ್ತಿ ಹೊಲ ದಾಟಿದ್ಲು, ಹಾಳಬಾವಿ ಕಂಡ್ಲು.
ಬಾವಿ ನಾವು ಬರದಿರಲೇ ಇಲ್ಲ.
‘ಒಳಗ ಘಟಸರ್ಪ ಐತಿ,’ ಅಂದ್ಲು,
‘ಹೊನ್ನಿನ ಕೊಪ್ಪರಿಗಿ ಕಾಯಾಕತ್ತೈತಿ.’

ವಿರುಪಾಕ್ಷನ ಮಾರಿ ನೋಡಬೇಕಿತ್ತು.
ಬಂಗಾರ. ನೆಲದಡಿ ಕತ್ತಲಿ. ಹೆಡಿ.
‘ಹಿತ್ತಲ ಬಾಗಲದಿಂದ ಬಂತಲ್ಲೋ’ ಅಂದ.

ಆಕಿ ಕತ್ತಿ ಕೇಳಲಿಲ್ಲ.
ಬೀಜ ಉರುಳಿಸಿದ್ಲು, ಮೂರು ಬಿಳೇವು ಬಿದ್ದವು.
ಬಾವಿ ದಂಡಿಗೆ ಕೂತು ಸರ್ಪಕ್ಕ ಕೇಳಿದ್ಲು:
‘ನಿನಗ ಪಾಳಿ ಬದಲಿ ಮಾಡಾವ್ರು
ಯಾರೂ ಬರಲೇ ಇಲ್ಲೇನು?’

ಸರ್ಪದ ಮಾತು ಆಡಬೇಕಾದವ ನಾನು.
ಎಷ್ಟೊತ್ತು ಸುಮ್ಮನ ಇದ್ದೆನೋ, ಕರೆಂಟು ಬಂತು,
ಮಷೀನು ಶುರುವಾತು, ಆಕಿ ಎದ್ದು ಹ್ವಾದ್ಲು.

ವಿರುಪಾಕ್ಷ ಇನ್ನೂ ಅಂತಾನ, ಸೋತ್ವಿ, ಅದೇ ಆಟ ಇದು.
ಆ ಬಾವಿ ಅವರ ಪುಸ್ತಕಕ್ಕಿಂತ ಹಳೇದು ಅಂತೀನಿ ನಾ.
ಅಂತೀನಿ ಖರೆ, ರಾತ್ರಿ ಗ್ಯಾರಂಟಿ ಇರೂದಿಲ್ಲ.

ಮೂರನೇ ಪ್ರೂಫಿನ್ಯಾಗ ಮೊದಲನೇ ಪುಟ ಹೊಡೆದು ಹಾಕೀನಿ.
ಪರದೆ ಸಾಲೊಂದು ಉಳಿಸಿಕೊಂಡೆ, ಹಟಕ್ಕ.
ಕೆಳಗ ಉಳಿದ ಬಿಳೀ ಜಾಗಾದಾಗ
ಮರ್ದಾನಬಿ ಪೆನ್ಸಿಲಿನ್ಯಾಗ ಬರದಾಳ:
ಪ್ರತಿ ಇನ್ನೂರು. ಹೊಲಿಗಿ. ರಟ್ಟು ಬ್ಯಾರೆ.
ಬಾಕಿ ಆರುನೂರಾ ನಲವತ್ತು.