ಕೆಂಪು ನೂಲು ಕೇಳಿದವಳು

ಬಳೇಪೇಟೆಯ ಅಡ್ಡಗಲ್ಲಿ, ಮೆಟ್ಟಿಲ ಕೆಳಗಿನ
ಆರಡಿ ಜಾಗ ನಮ್ಮಿಬ್ಬರದು.
ಎಡಕ್ಕೆ ನನ್ನ ಪೀಕೋ ಮಿಷನ್ನು,
ಬಲಕ್ಕೆ ಪೀರ್‌ಜಾನರ ಟೇಬಲ್ ದೀಪ, ಸೂಜಿಗಳು,
ದಾರ ಸುತ್ತಿದ ಕನ್ನಡಕ.
ಬಾಡಿಗೆ ಅರ್ಧರ್ಧ. ಚಹಾ ಮಾತ್ರ ಅವರ ಲೆಕ್ಕ.

ಅವರದು ರಫೂ ಕೆಲಸ.
ಇಲಿ ಕಡಿದ ಕೋಟು, ಕಿಡಿ ಬಿದ್ದ ಪಂಚೆ,
ಮದುವೆಗೆ ಎರಡೇ ದಿನವಿರುವಾಗ
ಚಿಲಕಕ್ಕೆ ಸಿಕ್ಕಿ ಪರ್ರೆಂದ ರೇಷ್ಮೆ ಸೆರಗು,
ಎಲ್ಲವೂ ಬರುತ್ತವೆ ತಲೆ ತಗ್ಗಿಸಿಕೊಂಡು.
ಅದೇ ಬಟ್ಟೆಯ ಒಳಅಂಚಿನಿಂದ ಎಳೆ ಕದ್ದು
ಎಳೆಗೆ ಎಳೆ ಹೆಣೆದು
ಬೆಳಕಿಗೆ ಹಿಡಿಯುತ್ತಾರೆ:
"ಎಲ್ಲಿತ್ತು ತೂತು, ಹೇಳಿ ನೋಡೋಣ?"
ಗಿರಾಕಿ ಸೋಲಬೇಕು. ಸೋತರೇ ಕೂಲಿ.

ಹೋದ ಶ್ರಾವಣದಲ್ಲಿ ಬಂದಳು ಚಿಸಾತೊ,
ಬಿಡದಿಯ ಕಾರು ಕಂಪನಿಯಲ್ಲಿ ಗಂಡ,
ಬಾಯಲ್ಲಿ ಆರು ತಿಂಗಳ ಕನ್ನಡ.
ನೀಲಿ ಅಂಗಿ ಚಾಚಿದಳು, ಮೊಣಕೈಗೆ ಮೂರು ಬೆರಳಗಲ ಹರಕು.
"ಕೆಂಪು ನೂಲು ಹಾಕಿ. ಕಾಣ್ಲಿ."

ಪೀರ್‌ಜಾನ್ ಕನ್ನಡಕ ತೆಗೆದರು.
"ಕಾಣೋ ಹಾಗೆ ಹೊಲಿದರೆ ಅದು ತೇಪೆ ಅಮ್ಮಾ,
ಗೋಣಿಚೀಲಕ್ಕೆ ಹಾಕ್ತಾರೆ.
ನಮ್ಮಪ್ಪ ಕಂಡಿದ್ದರೆ ಕೈಗೆ ಹೊಡೀತಿದ್ದರು."

ಅವಳು ಮೊಬೈಲು ತೆರೆದಳು:
ಅಜ್ಜಿಯ ಬಟ್ಟಲಂತೆ, ಒಡೆದದ್ದು,
ಬಿರುಕಿನ ಗುಂಟ ಚಿನ್ನ.
ಒಂದು ಮಾತು ಹೇಳಿದಳು, ಎರಡು ಸಲ, ನಿಧಾನಕ್ಕೆ:
ವಾಬಿ-ಸಾಬಿ.
"ಸಾಬಿ ಅಂತ ನನ್ನನ್ನೇ ಕರೀತಿದಾಳೆ,"
ಪೀರ್‌ಜಾನ್ ನನ್ನತ್ತ ಕಣ್ಣು ಮಿಟುಕಿಸಿದರು.
ಅರ್ಥ ಹೇಳಲು ಅವಳ ಕನ್ನಡ ಸಾಲಲಿಲ್ಲ.
ಸುತ್ತ ನೋಡಿ, ಚಹಾ ಲೋಟದ ನೆಗ್ಗು ಮುಟ್ಟಿದಳು,
ಮೆಟ್ಟಿಲ ಸವೆದ ನಡುವನ್ನು ಮುಟ್ಟಿದಳು,
ಕನ್ನಡಕದ ಕಾಲಿಗೆ ಸುತ್ತಿದ ದಾರ ತೋರಿಸಿ
"ಇದು," ಅಂದಳು.

"ಇದು ಬಡತನ," ಅಂದರು ಪೀರ್‌ಜಾನ್.

ನನಗೆ ರೋಣದ ಅಜ್ಜಿಯ ಕೌದಿ ನೆನಪಾಯಿತು.
ಅದಕ್ಕೆ ಯಾರೂ ದೊಡ್ಡ ಹೆಸರಿಟ್ಟಿರಲಿಲ್ಲ,
ಚಳಿಗೆ ಎಳಕೊಂಡು ಹೊದ್ದೆವು, ಅಷ್ಟೇ.

ಆದರೂ ಹೊಲಿದರು. ಮೂರು ದಿನ.
ಕೆಂಪು ನೂಲೇ, ಆದರೆ ಇರುವೆ ಸಾಲಿನ ಹಾಗೆ,
ಒಂದೂ ಆಚೀಚೆ ಇಲ್ಲ.
"ಇಷ್ಟು ನೇರ ಬೇಡ ಇತ್ತು," ಅಂದಳು ಚಿಸಾತೊ.
"ನನ್ನ ಕೈಗೆ ಸೊಟ್ಟ ಬರಲ್ಲ."
ಇಬ್ಬರೂ ನಕ್ಕರು. ಅವಳು ಅಲ್ಲೇ ತೊಟ್ಟು ಹೋದಳು.

ಆ ರಾತ್ರಿ ಟ್ರಂಕು ತೆಗೆದೆ.
ಪಾಚಿಬಣ್ಣದ ನೂಲಿನ ಸೀರೆ. ಹನ್ನೊಂದು ವರ್ಷದ ಹಿಂದೆ
ವಾಣಿವಿಲಾಸದ ಬೆಂಚಿನ ಮೊಳೆಗೆ ಸಿಕ್ಕಿ ಹರಿದದ್ದು,
ಅಕ್ಕನ ಹೆಸರು ಕೂಗಿದಾಗ ನಾನು ಎದ್ದ ರಭಸಕ್ಕೆ.
ಮಗು ಹೊರಗೆ ಬಂತು.
ಅಕ್ಕ ಬರಲಿಲ್ಲ.
ಆಗ ಅದನ್ನು ಮುಚ್ಚಿದವರೂ ಪೀರ್‌ಜಾನರೇ,
ದುಡ್ಡು ಮುಟ್ಟಿರಲಿಲ್ಲ.

ಸೆರಗಿನಿಂದ ಒಳತುದಿಯವರೆಗೆ ಬೆರಳಲ್ಲಿ ಸವರಿದೆ.
ಸಿಗಲಿಲ್ಲ.
ಅಕ್ಕನ ಮಗಳು ನಿದ್ದೆಗಣ್ಣಲ್ಲಿ ಎದ್ದು ಕೂತಳು:
"ಏನು ಹುಡುಕ್ತಿದೀಯ ಚಿಕ್ಕಿ?"
"ಒಂದು ತೂತು," ಅಂದೆ. "ಮಲಗು."

ಮರುದಿನ ಅವರ ಮಡಿಲಿಗೆ ಹಾಕಿದೆ.
"ಎಲ್ಲಿತ್ತು, ಹೇಳಿ ನೋಡೋಣ?"
ದೀಪ ಬಗ್ಗಿಸಿ, ಉಸಿರು ಬಿಗಿಹಿಡಿದು, ತಿರುಗಿಸಿ ಮುರುಗಿಸಿ,
ಮೆಟ್ರೋ ನೆಲದಡಿ ಎಷ್ಟು ಸಲ ಹೋಯಿತೋ,
ಚಹಾ ಕೆನೆಗಟ್ಟಿತು.
ಕೊನೆಗೆ ತಲೆಯಾಡಿಸಿದರು.
ತನ್ನ ಪಂಥ ತಾನೇ ಸೋತವರ ಮುಖ
ನಾನು ಅದೇ ಮೊದಲು ನೋಡಿದ್ದು.

"ಇಲ್ಲಿ ಇರಬಹುದು," ನೆರಿಗೆಯ ಹತ್ತಿರ ತೋರಿಸಿದೆ.
"ತಪ್ಪಾದರೆ?"
"ಆಗಲಿ."
ಪೆಟ್ಟಿಗೆಯಲ್ಲಿ ಚಿಸಾತೊಳ ಕೆಂಪು ನೂಲು ಗೇಣುದ್ದ ಉಳಿದಿತ್ತು.
ಏಳು ಹೊಲಿಗೆ ಹಾಕಿದರು.
ಐದನೆಯದು ಸೊಟ್ಟ.
ಬೇಕೆಂದೇ ಹಾಕಿದರೋ, ಎಪ್ಪತ್ತರ ಕೈ ನಡುಗಿತೋ,
ನಾನು ಕೇಳಲಿಲ್ಲ.

ಮೊನ್ನೆ ಉಟ್ಟಿದ್ದೆ.
ಹುಡುಗಿ ನೆರಿಗೆ ಹಿಡಿದು ಕೂರಿಸುತ್ತಿದ್ದವಳು
ಬೆರಳು ನಿಲ್ಲಿಸಿ ಕೇಳಿದಳು,
"ಚಿಕ್ಕೀ, ಇದೇನಿದು ಕೆಂಪು?"

ಕೂತ್ಕೋ, ಅಂದೆ.