ಓದಲಾಗದಿದ್ದರೆ ಕಾರಣ

ನೀರಿನ ಇಲಾಖೆಯವನು ನಾನು. ಕ್ಲೀವ್‌ಲ್ಯಾಂಡಿನ ಪೂರ್ವಕ್ಕೆ
ಹದಿನೇಳು ಬೀದಿ ನನ್ನ ಪಾಲಿಗೆ.
ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾರ ಗಂಡ ಬಿಟ್ಟುಹೋದ,
ಮೀಟರಿನ ಮುಳ್ಳು ಮೊದಲು ನನಗೇ ಹೇಳುತ್ತಿತ್ತು.
ಹಾರ್ಮನ್ ಬೀದಿಯ ಮುಳ್ಳುಗಳು ಒಂದೊಂದಾಗಿ ನಿಂತವು
ಆ ವರ್ಷ.

ಒಡೆಸ್ಸಾ ಟಾಲಿವರ್,
ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ
ಊರಿನ ರಕ್ತದ ಕಲೆ ತೊಳೆದು ಕೊಂಡ ಮನೆ.
ಸಾಲ ತೀರಿ, ಪತ್ರ ಕೈಗೆ ಬಂದು,
ಬೈಬಲ್ಲಿನ ನಡುವೆ ಮಡಚಿಟ್ಟಿದ್ದಳು.
ಸಾಲ ತೀರಿದ ಮನೆಯ ವಾಸನೆ
ಅವರ ಮೂಗಿಗೆ ಮೈಲಿ ದೂರದಿಂದಲೇ ಹೊಡೆಯುತ್ತದೆ.

ಬಂದವನು ಬೂಟು ಬಾಗಿಲಲ್ಲೇ ಕಳಚಿದ
(ಅದಕ್ಕೇ ನಂಬಿದೆ, ಅಂದಳು).
ಮಿಸ್ ಒಡೆಸ್ಸಾ ಅಂದ, ಸ್ವಂತ ಚರ್ಚಿನವನ ಹಾಗೆ.
ಪೀಚ್ ಹಣ್ಣಿನ ಪೈ ಎರಡು ಸಲ ಹಾಕಿಸಿಕೊಂಡ.
ಕಿಟಕಿ ಸಡಿಲಾಗಿದೆಯಲ್ಲ, ಚಾವಣಿ ಸೋರುತ್ತಲ್ಲ,
ಗೋಡೆಯೊಳಗೇ ದುಡ್ಡು ಮಲಗಿದೆ, ಎಬ್ಬಿಸಿದರಾಯಿತು, ಅಂದ.
ಎಬ್ಬಿಸಿದಳು.
ಎರಡು ವರ್ಷ ಬಡ್ಡಿ ತೊಟ್ಟಿಲಲ್ಲಿ ಸುಮ್ಮನಿತ್ತು.
ಮೂರನೆಯ ವರ್ಷ ಎದ್ದು ನಿಂತಿತು,
ನಾಲ್ಕನೆಯದರಲ್ಲಿ ಇವಳ ತಟ್ಟೆಗೇ ಕೈ ಹಾಕಿತು.

ಫೋನ್ ಮಾಡಿದಳು. ಕಂಪನಿ ಸಾಲವನ್ನು ಮಾರಿತ್ತು,
ಕೊಂಡವರೂ ಮಾರಿದ್ದರು,
ಸಾವಿರ ಮನೆಗಳ ಜೊತೆ ಅರೆದು, ಕಲಸಿ, ಉಂಡೆ ಕಟ್ಟಿ
ಎಲ್ಲೋ ಸಮುದ್ರದಾಚೆ ಹಂಚಿದ್ದರು.
ಯಾರ ಕಾಲು ಹಿಡಿಯಲಿ ಅಂದರೆ
ಕಾಲೇ ಇರಲಿಲ್ಲ ಅದಕ್ಕೆ. ಬರೀ ಬಾಯಿ.

ಫೆಬ್ರುವರಿ. ನನ್ನ ಕೈಗೆ ಚೀಟಿ: ನೀರು ನಿಲ್ಲಿಸುವುದು.
ಉದ್ದ ಕೀಲಿ ಹಿಡಿದು ಫುಟ್‌ಪಾತಿನ ಮುಚ್ಚಳ ಎತ್ತಿದ್ದೆ.
ಬಾಗಿಲಿಗೆ ಬಂದಳು, ಕೈಯಲ್ಲಿ ಒದ್ದೆ ಬಟ್ಟೆ.
ನೆಲ ಒರೆಸುತ್ತಿದ್ದೇನೆ, ಅರ್ಧ ಆಗಿದೆ.
ಇನ್ನು ಮೆಟ್ಟಿಲು, ಆಮೇಲೆ ಬಚ್ಚಲು.
ಶೆರೀಫ್ ಬರುವುದು ಗುರುವಾರ.
ಗಲೀಜು ಬಿಟ್ಟು ಹೋದಳು ಅಂತ ಯಾವನೂ ಬರೆದುಕೊಳ್ಳಬಾರದು.

ನಾನು ಗಾಡಿಯಲ್ಲಿ ಕೂತು ಕಾದೆ, ಹೀಟರ್ ಹಾಕಿಕೊಂಡು.
ಆಮೇಲೆ ಮುಚ್ಚಳ ಮುಚ್ಚಿ, ನಿಲ್ಲಿಸಿದೆ ಅಂತ ಬರೆದು,
ನಿಲ್ಲಿಸದೆ ಹೊರಟೆ.
ಇನ್ನೆರಡು ದಿನ ಚಹಾ ಕಾಯಿಸಿಕೊಳ್ಳಲಿ ಅಂತ.
ಪುಣ್ಯ ಕಟ್ಟಿಕೊಂಡೆ ಅಂತಲೂ ಅಂದುಕೊಂಡೆ, ಸುಳ್ಳೇಕೆ.

ಅವಳು ಹೋದ ರಾತ್ರಿಯೇ ತಾಮ್ರದವರು ಬಂದರು.
ಗೋಡೆ ಸೀಳಿ ಪೈಪು ಎಳೆದುಕೊಂಡರು, ಪೌಂಡಿಗೆ ಮೂರು ಡಾಲರಿಗೆ.
ನಾನು ನಿಲ್ಲಿಸದ ನೀರು ಹನ್ನೊಂದು ದಿನ ಹರಿಯಿತು,
ಅವಳು ಒರೆಸಿದ ಮೆಟ್ಟಿಲನ್ನು ಒಂದೊಂದಾಗಿ ಇಳಿದು,
ಹೆಪ್ಪುಗಟ್ಟಿ, ಕಿಟಕಿಗೆ ಬಿಳಿ ಗಡ್ಡ ಬಿಟ್ಟು,
ಪಕ್ಕದ ಬ್ರೊನೆಕ್ ಪಿಯೆಕಾರ್‌ಸ್ಕಿಯ ನೆಲಮಾಳಿಗೆಗೆ ನುಗ್ಗಿತು.
ಕಂತು ಒಂದೂ ತಪ್ಪಿಸದ ಆಸಾಮಿ.
ಒಂದು ಮಗ್ಗುಲಿಗೆ ಮಂಜುಗಡ್ಡೆಯ ಮನೆ, ಇನ್ನೊಂದಕ್ಕೆ ಸುಟ್ಟದ್ದು,
ನಡುವಿನದಕ್ಕೆ ಬೆಲೆ ಕಟ್ಟಲು ಬಂದವನು
ಕಾರಿನಿಂದ ಇಳಿಯಲೇ ಇಲ್ಲ.
ಬ್ರೊನೆಕ್‌ಗೆ ನಾನು ಹೇಳಿಲ್ಲ.
ಈಗ ಪಾರ್ಮಾದಲ್ಲಿ ಮಗಳ ಸೋಫಾದ ಮೇಲೆ ಮಲಗುತ್ತಾನಂತೆ.

ಬುಲ್ಡೋಜರಿಗೆ ಒಂದು ಬೆಳಗ್ಗೆ ಸಾಕಾಯಿತು.
ಹುಲ್ಲು ಬಂದಿದೆ. ಜಿಂಕೆ ಮೇಯುತ್ತವೆ, ಊರ ನಡುವೆ, ಸಂಕೋಚವಿಲ್ಲದೆ.
ಇಲಾಖೆಯ ಯಂತ್ರಕ್ಕೆ ಮಾತ್ರ ಮನೆ ಇನ್ನೂ ಇದೆ:
೩೭೧೮, ಟಾಲಿವರ್ ಓ. ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುತ್ತದೆ.
ಹುಲ್ಲು ಸರಿಸಿ, ಕಬ್ಬಿಣದ ಮುಚ್ಚಳವನ್ನು ಕಾಲಲ್ಲಿ ತಟ್ಟುತ್ತೇನೆ.
ಓದಲಾಗದಿದ್ದರೆ ಕಾರಣ ಆರಿಸಿ, ಅನ್ನುತ್ತದೆ:
ಒಂದು, ಹಿಮ. ಎರಡು, ಬೀಗ. ಮೂರು, ನಾಯಿ.
ಬೇರೆ ಇಲ್ಲ.
ನಾಯಿ, ಅಂತ ಒತ್ತುತ್ತೇನೆ.
ಕಚ್ಚುವುದೋ, ಅಂತ ಮತ್ತೆ ಕೇಳುತ್ತದೆ.